ಪ್ಲೇಟು, ಕ್ಯಾಸೆಟ್ಟು, ಸೀಡಿ, ಚಿಪ್ಪು

‘ಆಲ್ಬಮ್’ ಅಂತ ನಾವೆಲ್ಲ ಹೇಳುತ್ತೇವಲ್ಲ, ಹಾಡಿಗೆ ಆ ಹೆಸರು ಯಾಕೆ ಬಂತು ಗೊತ್ತೇ? ಫೋಟೋ ಆಲ್ಬಮ್ಮಿನಿಂದಲೇ. ಹಳೆಯ ಗ್ರಾಮಫೋನ್ ಪ್ಲೇಟಿನ ಒಂದು ಮಗ್ಗುಲಿಗೆ ಮೂರು, ಮೂರೂವರೆ ನಿಮಿಷಕ್ಕಿಂತ ಹೆಚ್ಚು ಹಿಡಿಸುತ್ತಿರಲಿಲ್ಲ. ಪಾಶ್ಚಾತ್ಯರ ಒಂದು ಸಿಂಫನಿ ಪೂರ್ತಿ ಕೇಳಬೇಕೆಂದರೆ ನಾಲ್ಕೈದು ಪ್ಲೇಟು ಬೇಕು. ಅವನ್ನೆಲ್ಲ ದಪ್ಪ ರಟ್ಟಿನ ಪುಸ್ತಕದಲ್ಲಿ, ಒಂದೊಂದು ಹಾಳೆಯ ಜೇಬಿನೊಳಗೆ ಒಂದೊಂದರಂತೆ ಇಟ್ಟು ಮಾರುತ್ತಿದ್ದರು. ನೋಡಲು ಥೇಟ್ ಮದುವೆ ಆಲ್ಬಮ್! ಆ ಪುಸ್ತಕ ಹೋಯಿತು, ಆ ಪ್ಲೇಟೂ ಹೋಯಿತು. ಹೆಸರು ಮಾತ್ರ ಇನ್ನೂ ಮೊಬೈಲಿನ ಪರದೆಯ ಮೇಲೆ ಕೂತಿದೆ.

ನಾನು ಕುಂದಾಪುರದ ಕಡೆಯಿಂದ ಮುಂಬೈಗೆ ಬಂದದ್ದು 1976ರಲ್ಲಿ. ಆಗ ಪ್ಲೇಟಿನ ಕಾಲ ಮುಗಿಯುತ್ತಿತ್ತು. ಆಮೇಲೆ ಕ್ಯಾಸೆಟ್ಟು ಬಂತು, ಸೀಡಿ ಬಂತು, ಎಂಪಿತ್ರೀ ಸೀಡಿ ಬಂತು, ಮೆಮೊರಿ ಕಾರ್ಡು ಬಂತು. ಪ್ರತಿ ಸಲ ಅಂಗಡಿಯವನು “ಇನ್ನು ಇದೇ ಸಾರ್, ಹಳೇದು ಬಿಡಿ” ಅಂದ. ನಾವು ಅದೇ ಹಾಡನ್ನು ಮತ್ತೆ ದುಡ್ಡು ಕೊಟ್ಟು ಕೊಂಡೆವು. ಇದರಲ್ಲಿ ಲಾಭ ಯಾರಿಗೆ ಆಯಿತು ಎನ್ನುವುದು ಗೊತ್ತಿದ್ದದ್ದೇ. ನನಗೆ ಕುತೂಹಲ ಇರುವುದು ಇನ್ನೊಂದರಲ್ಲಿ. ಒಂದು ಪೆಟ್ಟಿಗೆಯಿಂದ ಇನ್ನೊಂದಕ್ಕೆ ಹಾಡು ದಾಟುವಾಗ ದೋಣಿ ಹತ್ತಿದ್ದು ಯಾವುದು, ಹೊಳೆಯ ಈಚೆಗೇ ಉಳಿದದ್ದು ಯಾವುದು? ಊರಿನಿಂದ ಸಾವಿರ ಕಿಲೋಮೀಟರ್ ದೂರ ಕೂತು ಕನ್ನಡ ಕೇಳುವ ನಮ್ಮಂಥವರಿಗೆ ಇದು ಬರೀ ಕುತೂಹಲದ ಪ್ರಶ್ನೆಯಲ್ಲ.

ಮೊದಲಿನಿಂದ ಶುರು ಮಾಡೋಣ. 1902ರ ನವೆಂಬರ್. ಲಂಡನ್ನಿನ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಎಂಬಾತ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರ ಹಾಡುಗಳನ್ನು ಧ್ವನಿಮುದ್ರಿಸಿಕೊಂಡ. ಆಕೆ ಹಾಡಿನ ಕೊನೆಯಲ್ಲಿ ಇಂಗ್ಲಿಷಿನಲ್ಲಿ ತನ್ನ ಹೆಸರು ಹೇಳುತ್ತಿದ್ದರು. ಅದು ಗತ್ತಿಗಾಗಿ ಅಲ್ಲ! ಅಚ್ಚು ಜರ್ಮನಿಯ ಹ್ಯಾನೋವರ್‌ಗೆ ಹಡಗಿನಲ್ಲಿ ಹೋಗಿ ಅಲ್ಲಿ ಪ್ಲೇಟಾಗಬೇಕಿತ್ತು. ಅಲ್ಲಿನ ಕೆಲಸಗಾರರಿಗೆ ಯಾವ ಪ್ಲೇಟಿಗೆ ಯಾವ ಹೆಸರಿನ ಚೀಟಿ ಅಂಟಿಸಬೇಕೆಂದು ತಿಳಿಯಲು ಆ ವ್ಯವಸ್ಥೆ. ಪ್ಲೇಟು ಮಾಡಲು ಬೇಕಾದದ್ದು ಅರಗು, ಅಂದರೆ ಪಾಂಡವರ ಅರಗಿನ ಮನೆಯ ಅದೇ ಅರಗು. ಅದರಲ್ಲಿ ಬಹುಪಾಲು ಹೋಗುತ್ತಿದ್ದದ್ದು ನಮ್ಮ ಛೋಟಾ ನಾಗಪುರದ ಕಾಡುಗಳಿಂದ. ನಮ್ಮ ಅರಗು, ನಮ್ಮ ಹಾಡು. ಪ್ಲೇಟು ಮಾತ್ರ ಜರ್ಮನಿಯಿಂದ. 1908ರಲ್ಲಿ ಕಲ್ಕತ್ತೆಯ ಸಿಯಾಲ್ದಾದಲ್ಲಿ ಕಾರ್ಖಾನೆ ಆಯಿತು, ನಂತರ ಅದು ಡಂಡಂಗೆ ಹೋಯಿತು. ಅಂದಹಾಗೆ, ಗೌಹರ್ ಜಾನ್ ಕೊನೆಯ ದಿನಗಳಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು.

ಆ ಮೂರು ನಿಮಿಷ ಎನ್ನುವುದು ದೊಡ್ಡ ಹಿಂಸೆಯಾಗಿತ್ತು. ಗಂಟೆಗಟ್ಟಲೆ ಹಾಡುವ ಉಸ್ತಾದರು ಆಲಾಪ, ಚೀಜು, ತಾನು ಎಲ್ಲವನ್ನೂ ಚಿಟಿಕೆಯಲ್ಲಿ ಹಿಡಿದು ಕೊಡಬೇಕು. ಆದರೂ ಆ ಚಿಟಿಕೆ ಏನು ಮಾಡಿತು ನೋಡಿ. ಅಬ್ದುಲ್ ಕರೀಂ ಖಾನರ ಜಿಂಝೋಟಿ ಠುಮ್ರಿಯನ್ನು ಪ್ಲೇಟಿನಲ್ಲಿ ಕೇಳಿ ಹುಚ್ಚು ಹಿಡಿಸಿಕೊಂಡ ಗದಗಿನ ಹುಡುಗನೊಬ್ಬ 1933ರಲ್ಲಿ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟ. ಅವನಿಗೆ ಆಗ ಹನ್ನೊಂದು ವರ್ಷ. ಹೆಸರು ಭೀಮಸೇನ ಜೋಶಿ.

1948ರ ಜೂನ್‌ನಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿ ಎಲ್‌ಪಿ ತಂದಿತು. ನಿಮಿಷಕ್ಕೆ ಮೂವತ್ಮೂರೂ ಚಿಲ್ಲರೆ ಸುತ್ತು, ಮಗ್ಗುಲಿಗೆ ಇಪ್ಪತ್ತು ನಿಮಿಷದ ಮೇಲೆ. ಮರುವರ್ಷವೇ ಎದುರಾಳಿ ಆರ್‌ಸಿಎ ಕಂಪನಿ ನಲವತ್ತೈದು ಸುತ್ತಿನ ಏಳಿಂಚಿನ ಪುಟ್ಟ ಪ್ಲೇಟು ತಂದು ಜಗಳಕ್ಕೆ ನಿಂತಿತು. ಕೊನೆಗೆ ದೊಡ್ಡದರಲ್ಲಿ ಆಲ್ಬಮ್, ಸಣ್ಣದರಲ್ಲಿ ಬಿಡಿ ಹಾಡು ಎಂದು ರಾಜಿಯಾಯಿತು. ನಮ್ಮ ಸಂಗೀತಕ್ಕೆ ಎಲ್‌ಪಿಯಿಂದ ಉಸಿರಾಡಲು ಜಾಗ ಸಿಕ್ಕಿತು. 1955ರಲ್ಲಿ ಅಲಿ ಅಕ್ಬರ್ ಖಾನರು ನ್ಯೂಯಾರ್ಕಿನಲ್ಲಿ ನುಡಿಸಿದ ಎಲ್‌ಪಿಯಲ್ಲಿ ಒಂದು ರಾಗಕ್ಕೆ ಒಂದು ಇಡೀ ಮಗ್ಗುಲು. 1963ರಲ್ಲಿ ಎಂ.ಎಸ್. ಸುಬ್ಬುಲಕ್ಷ್ಮಿಯವರ ವೆಂಕಟೇಶ ಸುಪ್ರಭಾತ ಬಂತು. ಇಪ್ಪತ್ತು ನಿಮಿಷದ ಸ್ತೋತ್ರ, ಎಲ್‌ಪಿಯ ಅಳತೆಗೆ ಹೊಲಿಸಿದ ಅಂಗಿಯಂತೆ!

ಆದರೆ ಭಾರತದಲ್ಲಿ ಪ್ಲೇಟಿನ ವ್ಯಾಪಾರ ಅಂದರೆ ಎಚ್‌ಎಂವಿ, ಎಚ್‌ಎಂವಿ ಅಂದರೆ ಪ್ಲೇಟಿನ ವ್ಯಾಪಾರ. 1970ರ ಹೊತ್ತಿಗೆ ಪಾಲಿಡಾರ್ ಬರುವವರೆಗೂ ಹೇಳಿಕೊಳ್ಳುವಂಥ ಎದುರಾಳಿಯೇ ಇರಲಿಲ್ಲ. (ಆ ಪಾಲಿಡಾರ್‌ನವರು ‘ಶೋಲೆ’ಯ ಹಾಡಿನ ಪ್ಲೇಟು ನಿರೀಕ್ಷಿಸಿದಷ್ಟು ಓಡಲಿಲ್ಲವೆಂದು ಸಂಭಾಷಣೆಯ ಪ್ಲೇಟು ಬಿಟ್ಟರು. ಅದು ಹೋಟೆಲು, ಪಾನ್ ಅಂಗಡಿ ಎಲ್ಲೆಲ್ಲೂ ಗಬ್ಬರ್‌ನ ಗುಡುಗು ಕೇಳಿಸಿಬಿಟ್ಟಿತು.) ಪ್ಲೇಟು ಒತ್ತುವ ಕಾರ್ಖಾನೆಗೆ ಭಾರಿ ಬಂಡವಾಳ ಬೇಕು, ಲೈಸೆನ್ಸು ಬೇಕು. ಕೇಳಲು ರೆಕಾರ್ಡ್ ಪ್ಲೇಯರ್ ಬೇಕು, ಕರೆಂಟು ಬೇಕು. ಹಾಗಾಗಿ ಡಂಡಂನಲ್ಲಿ ಕೂತವರು ಸಾವಿರಗಟ್ಟಲೆ ಖರ್ಚಾಗುವುದನ್ನು ಮಾತ್ರ ಒತ್ತುತ್ತಿದ್ದರು: ಹಿಂದಿ ಸಿನಿಮಾ, ಒಂದಿಷ್ಟು ಶಾಸ್ತ್ರೀಯ, ಒಂದಿಷ್ಟು ಭಕ್ತಿ. ಕನ್ನಡಕ್ಕೆ ಸಿಗುತ್ತಿದ್ದದ್ದು ಮುಖ್ಯವಾಗಿ ನಾಲ್ಕು ಹಾಡಿನ ಸಣ್ಣ ಪ್ಲೇಟು, ಅದೂ ಸಿನಿಮಾದ್ದು. ಬೇಂದ್ರೆಯವರ ಪದ್ಯ ಹಾಡಿಸಿ ಪ್ಲೇಟು ಮಾಡಿ ಎಂದರೆ ಕೇಳುವವರು ಯಾರು?

ಈ ಗೋಡೆ ಒಡೆದದ್ದು ಹಾಲೆಂಡಿನ ಒಬ್ಬ ಇಂಜಿನಿಯರು. ಲೂ ಒಟೆನ್ಸ್ ಅಂತ. ಫಿಲಿಪ್ಸ್ ಕಂಪನಿಯ ಬೆಲ್ಜಿಯಂ ಕಾರ್ಖಾನೆಯಲ್ಲಿದ್ದ. ದೊಡ್ಡ ರೀಲಿನ ಟೇಪ್ ರೆಕಾರ್ಡರಿನ ಕಿರಿಕಿರಿ ಸಾಕಾಗಿ, ಕೋಟಿನ ಜೇಬಿಗೆ ಸರಿಹೊಂದುವ ಒಂದು ಮರದ ತುಂಡು ಕೊಯ್ದು, ನಮ್ಮ ಯಂತ್ರ ಇದಕ್ಕಿಂತ ದೊಡ್ಡದಾಗಬಾರದು ಎಂದು ಇಟ್ಟುಕೊಂಡನಂತೆ. 1963ರ ಆಗಸ್ಟ್ 30ರಂದು ಬರ್ಲಿನ್ನಿನ ರೇಡಿಯೋ ಪ್ರದರ್ಶನದಲ್ಲಿ ಕ್ಯಾಸೆಟ್ಟು ಹೊರಬಂತು. ನಾಲ್ಕು ಮಿಲಿಮೀಟರೂ ಇಲ್ಲದ ಅಗಲದ ಟೇಪು, ಸೆಕೆಂಡಿಗೆ ಐದು ಸೆಂಟಿಮೀಟರಿಗಿಂತ ಕಡಿಮೆ ಓಟ. ಧ್ವನಿ ಎಲ್‌ಪಿಯ ಹತ್ತಿರಕ್ಕೂ ಬರುತ್ತಿರಲಿಲ್ಲ. ಮಾತು ಹಿಡಿದಿಡಲು ಮಾಡಿದ್ದು, ಸಂಗೀತಕ್ಕೆಂದು ಅಲ್ಲ. ಎರಡು ವರ್ಷ ಕಳೆಯುವುದರೊಳಗೆ ಹಾಡು ತುಂಬಿದ ಕ್ಯಾಸೆಟ್ಟು ಮಾರತೊಡಗಿದರು. ಮುಖ್ಯ ಸಂಗತಿ ಎಂದರೆ ಫಿಲಿಪ್ಸ್ ಈ ನಮೂನೆಯನ್ನು ಬೇರೆ ಕಂಪನಿಗಳಿಗೂ ಪುಕ್ಕಟೆಯಾಗಿ ಕೊಟ್ಟಿತು. ಜಪಾನಿನವರ ಒತ್ತಾಯವೂ ಅದರ ಹಿಂದಿತ್ತು. ಅದರಿಂದಾಗಿಯೇ ಯಾವ ದೇಶದ ಕ್ಯಾಸೆಟ್ಟನ್ನು ಯಾವ ದೇಶದ ಯಂತ್ರಕ್ಕೆ ಹಾಕಿದರೂ ಹಾಡಿತು. ಒಟೆನ್ಸ್ ತೀರಿಕೊಂಡದ್ದು 2021ರಲ್ಲಿ. ಆ ಮರದ ತುಂಡು ಎಲ್ಲೋ ಕಳೆದುಹೋಯಿತಂತೆ, ಕಾರಿನ ಜಾಕಿಗೆ ಆಸರೆಯಾಗಿ ಬಳಸಿ!

ಮುಂಬೈಗೆ ಕ್ಯಾಸೆಟ್ಟು ಬಂದದ್ದು ಅಂಗಡಿಗಿಂತ ಹೆಚ್ಚಾಗಿ ವಿಮಾನದಲ್ಲಿ, ಗಲ್ಫಿನಿಂದ ಬರುವವರ ಸೂಟ್‌ಕೇಸಿನ ಜೊತೆ. ಎಪ್ಪತ್ತರ ದಶಕದ ಕೊನೆಯಲ್ಲಿ ದುಬೈ, ಮಸ್ಕತ್‌ಗೆ ಹೋದ ನಮ್ಮ ಮಂಗಳೂರು, ಉಡುಪಿ ಕಡೆಯ ಹುಡುಗರು ವಾಪಸು ಬರುವಾಗ ಹೆಗಲ ಮೇಲೆ ನ್ಯಾಷನಲ್ ಪ್ಯಾನಾಸಾನಿಕ್ ಟೂ-ಇನ್-ವನ್ ಇಲ್ಲದಿದ್ದರೆ ಹೆಣ್ಣು ಕೊಡುವವರೂ ಯೋಚಿಸುತ್ತಿದ್ದರು ಎಂದು ತಮಾಷೆ ಮಾಡುತ್ತಿದ್ದೆವು. ಕ್ರಾಫರ್ಡ್ ಮಾರ್ಕೆಟ್ ಹತ್ತಿರದ ಮನೀಶ್ ಮಾರ್ಕೆಟಿನಲ್ಲಿ ಸೋನಿ, ಟಿಡಿಕೆ ಖಾಲಿ ಕ್ಯಾಸೆಟ್ಟು ಸಿಗುತ್ತಿತ್ತು. ಚೌಕಾಸಿ ಮಾಡಲು ಧೈರ್ಯ ಬೇಕು. ಹಾಡಿನ ಪಟ್ಟಿ ಬರೆದುಕೊಟ್ಟರೆ ಅಂಗಡಿಯವನೇ ಪ್ಲೇಟಿನಿಂದ ತುಂಬಿಸಿ ಕೊಡುತ್ತಿದ್ದ, ಒಂದೊಂದು ಹಾಡಿಗೆ ಇಷ್ಟು ಅಂತ. ಒಳಗಿನ ಕಾರ್ಡಿನ ಮೇಲೆ ಬಾಲ್‌ಪೆನ್ನಿನಲ್ಲಿ ಬರೆದ ಹಾಡಿನ ಹೆಸರುಗಳು, ಅರ್ಧ ತಪ್ಪು ಸ್ಪೆಲಿಂಗು. ಕಾಯಿದೆಯ ಪ್ರಕಾರ ಅದು ಕಳ್ಳತನ. ಆದರೆ ಚಾಳಿನಲ್ಲಿ ಹತ್ತು ಮನೆಗೆ ಒಂದು ಟೇಪ್ ರೆಕಾರ್ಡರು ಇದ್ದ ಕಾಲದಲ್ಲಿ ಅದನ್ನು ಹಾಗೆ ನೋಡಿದವರನ್ನು ನಾನು ಕಾಣೆ.

ಇದರ ನಡುವೆ ಬಂದವರು ಗುಲ್ಶನ್ ಕುಮಾರ್. ದಿಲ್ಲಿಯ ದರಿಯಾಗಂಜಿನಲ್ಲಿ ಅಪ್ಪನ ಹಣ್ಣಿನ ರಸದ ಅಂಗಡಿ, ಆಮೇಲೆ ಕ್ಯಾಸೆಟ್ ವ್ಯಾಪಾರ, 1983ರಲ್ಲಿ ಟಿ-ಸೀರೀಸ್. ಆ ಮನುಷ್ಯ ಕಂಡುಕೊಂಡದ್ದು ಕಾಪಿರೈಟ್ ಕಾಯಿದೆಯ 52ನೇ ಕಲಮಿನ ಒಂದು ಸಣ್ಣ ಕಿಂಡಿ. ಒಂದು ಹಾಡು ಒಮ್ಮೆ ಮುದ್ರಣವಾಗಿ ಹೊರಬಂದ ಮೇಲೆ, ನೋಟಿಸು ಕೊಟ್ಟು ನಿಗದಿಯಾದ ರಾಯಲ್ಟಿ ಕಟ್ಟಿದರೆ ಬೇರೆ ದನಿಯಲ್ಲಿ ಹಾಡಿಸಿ ಮಾರಬಹುದಿತ್ತು. ಎಚ್‌ಎಂವಿಯವರ ಕಪಾಟಿನಲ್ಲಿ ಬೀಗ ಹಾಕಿ ಕೂತಿದ್ದ ರಫಿ, ಕಿಶೋರ್ ಹಾಡುಗಳನ್ನು ಹೊಸಬರಿಂದ ಹಾಡಿಸಿ, ಕಡಿಮೆ ಬೆಲೆಗೆ ಬೀದಿಗೆ ಬಿಟ್ಟರು. ಸೋನು ನಿಗಮ್ ಅಂಥವರು ಮೊದಲು ಪರಿಚಯವಾದದ್ದು ಹೀಗೆಯೇ. ಅವರ ಇನ್ನೊಂದು ಉಪಾಯ ನನಗೆ ಹೆಚ್ಚು ದೊಡ್ಡದೆನಿಸುತ್ತದೆ. ರೆಕಾರ್ಡ್ ಅಂಗಡಿಯನ್ನು ಬಿಟ್ಟು ಕಿರಾಣಿ ಅಂಗಡಿ, ಪಾನ್ ಬೀಡಾ ಅಂಗಡಿ, ಬಸ್ ಸ್ಟ್ಯಾಂಡಿನ ಗೂಡಂಗಡಿಗಳಿಗೆ ಕ್ಯಾಸೆಟ್ಟು ಹಾಕಿದರು. ರೆಕಾರ್ಡ್ ಅಂಗಡಿಯ ಗಾಜಿನ ಬಾಗಿಲು ದೂಡಿ ಒಳಗೆ ಹೋಗಲು ಅಳುಕುವ ಮನುಷ್ಯ ಬೀಡಿ ಕಟ್ಟಿನ ಜೊತೆ ಭಜನೆ ಕೊಂಡ. 1990ರ ‘ಆಶಿಕಿ’ ಕ್ಯಾಸೆಟ್ಟು 2 ಕೋಟಿ ಖರ್ಚಾಯಿತು ಎನ್ನುತ್ತಾರೆ. 1997ರ ಆಗಸ್ಟ್ 12ರಂದು ಅಂಧೇರಿಯಲ್ಲಿ ದೇವಸ್ಥಾನದಿಂದ ಹೊರಬರುವಾಗ ಅವರನ್ನು ಗುಂಡಿಟ್ಟು ಕೊಂದರು. ಆ ಸಂಜೆ ಲೋಕಲ್ ರೈಲಿನಲ್ಲಿ ಬೇರೆ ಮಾತೇ ಇರಲಿಲ್ಲ. (ಆ ಕಿಂಡಿಯನ್ನು 2012ರ ತಿದ್ದುಪಡಿಯಲ್ಲಿ ಬಿಗಿ ಮಾಡಿದರು. ಮೂಲ ಹಾಡು ಬಂದು 5 ವರ್ಷ ಆಗುವವರೆಗೆ ಈಗ ಬೇರೆಯವರು ಹಾಡಿಸುವಂತಿಲ್ಲ.)

ಇರಲಿ, ಅದು ಹಿಂದಿಯವರ ಕತೆಯಾಯಿತು. ನಮ್ಮ ಮನೆಗೆ ಬರೋಣ. 1978ರಲ್ಲಿ ನಿಸಾರ್ ಅಹಮದರ ‘ನಿತ್ಯೋತ್ಸವ’ ಮೈಸೂರು ಅನಂತಸ್ವಾಮಿಯವರ ಸಂಗೀತದಲ್ಲಿ ಕ್ಯಾಸೆಟ್ಟಾಗಿ ಹೊರಬಂತು. ಕನ್ನಡ ಸುಗಮ ಸಂಗೀತದ ಮೊದಲ ಕ್ಯಾಸೆಟ್ಟು ಎಂದು ಅದನ್ನು ಗುರುತಿಸುತ್ತಾರೆ. ಇದಕ್ಕೆ ಡಂಡಂನ ಅಪ್ಪಣೆ ಬೇಕಿರಲಿಲ್ಲ ಎನ್ನುವುದು ಗಮನಿಸಬೇಕಾದ ಮಾತು. ಒಂದು ಸ್ಟುಡಿಯೋ, ಪ್ರತಿ ತೆಗೆಯುವ ಯಂತ್ರ, ಕವರ್ ಮುದ್ರಿಸಲು ಒಂದು ಪ್ರೆಸ್ಸು. ಐನೂರು ಬೇಕೋ ಐನೂರು, ಖರ್ಚಾದರೆ ಮತ್ತೆ ಐನೂರು. ಪ್ಲೇಟಿನಲ್ಲಿ ಈ ಲೆಕ್ಕ ಹೊಂದುತ್ತಿರಲಿಲ್ಲ. ನಂತರ ಸಿ. ಅಶ್ವತ್ಥ್, ಶಿವಮೊಗ್ಗ ಸುಬ್ಬಣ್ಣ, ರತ್ನಮಾಲಾ ಪ್ರಕಾಶ್... ಶಿಶುನಾಳ ಶರೀಫರ ತತ್ವಪದಗಳು, ಕೆ.ಎಸ್.ನ. ಅವರ ಮೈಸೂರು ಮಲ್ಲಿಗೆ, ಲಕ್ಷ್ಮೀನಾರಾಯಣ ಭಟ್ಟರ ಗೀತೆಗಳು. ಮೈಸೂರು ಮಲ್ಲಿಗೆ ಪುಸ್ತಕವಾಗಿ ಬಂದದ್ದು 1942ರಲ್ಲಿ. ಪುಸ್ತಕ ಓದದವರ ಅಡುಗೆಮನೆಗೆ ಅದು ಬಂದದ್ದು ಕ್ಯಾಸೆಟ್ಟಿನಿಂದ. ‘ಭಾವಗೀತೆ’ ಎಂಬ ಮಾತಿಗೆ ಇಂದು ನಮ್ಮ ಕಿವಿಯಲ್ಲಿ ಯಾವ ದನಿ ಏಳುತ್ತದೋ, ತಬಲಾ, ಕೊಳಲು, ಸಿತಾರು ಹಿನ್ನೆಲೆಯಲ್ಲಿ ತುಂಬು ಕಂಠದ ಆ ದನಿ, ಅದು ಬಹುಪಾಲು ಕ್ಯಾಸೆಟ್ಟಿನ ಕೂಸು.

ಮುಂಬೈಯಲ್ಲಿ ಹುಟ್ಟಿದ ನನ್ನ ಮಗಳು ಕನ್ನಡ ಓದಲು ಕಲಿತದ್ದು ತಡವಾಗಿ. ಆದರೆ ನಾಲ್ಕನೇ ವಯಸ್ಸಿಗೇ ‘ಬೈತಲೆ’, ‘ಸಂಪಿಗೆ’, ‘ತವರು’ ಎಂಬ ಶಬ್ದಗಳು ಅವಳ ಬಾಯಲ್ಲಿದ್ದವು. ಶಾಲೆಯಲ್ಲಿ ಮರಾಠಿ, ಹಿಂದಿ, ಇಂಗ್ಲಿಷು. ಕೆಳಗೆ ಅಂಗಳದಲ್ಲಿ ಆಡುವ ಭಾಷೆ ಬಂಬಯ್ಯಾ ಹಿಂದಿ. ಕನ್ನಡಕ್ಕೆ ಅಂತ ಇದ್ದದ್ದು ಅವಳ ಅಮ್ಮ ಮತ್ತು ಒಂದು ಟೇಪ್ ರೆಕಾರ್ಡರು. ಮೇ ತಿಂಗಳ ರಜೆಯಲ್ಲಿ ಊರಿಗೆ ಹೋದವರು ಹಲಸಿನ ಹಪ್ಪಳ, ಮಾವಿನ ಮಿಡಿ ಉಪ್ಪಿನಕಾಯಿಯ ಜೊತೆ ಏಳೆಂಟು ಕ್ಯಾಸೆಟ್ಟು ತರುವುದು ನಮ್ಮ ಕಟ್ಟಡದ ಕನ್ನಡ ಮನೆಗಳಲ್ಲಿ ಪದ್ಧತಿಯೇ ಆಗಿತ್ತು. ನಾಲ್ಕು ಮನೆ ಸುತ್ತಿ ಬರುವಷ್ಟರಲ್ಲಿ ಅದರ ಕವರ್ ಮಾಯ.

ಪ್ಲೇಟಿಗೆ ಯಾವತ್ತೂ ಹಿಡಿಸದ ಇನ್ನೊಂದು ಸಾಮಾನು ಕ್ಯಾಸೆಟ್ಟಿಗೆ ಹಿಡಿಸಿತು. ಅದು ಮಾತು. ಅರವತ್ತು ನಿಮಿಷ, ತೊಂಬತ್ತು ನಿಮಿಷ. ಬೇಕಿದ್ದರೆ ಎರಡು ಕ್ಯಾಸೆಟ್ಟಿನ ಸೆಟ್ಟು. ಗುರುರಾಜುಲು ನಾಯ್ಡು ಅವರ ಹರಿಕತೆ ಹಳೆ ಮೈಸೂರು ಕಡೆಯ ಊರೂರಿನ ದೇವಸ್ಥಾನ, ಮದುವೆ ಮನೆಗಳ ಮೈಕಿನಲ್ಲಿ ಕೇಳಿಸಿತು. ಮಾಸ್ಟರ್ ಹಿರಣ್ಣಯ್ಯನವರ ‘ಲಂಚಾವತಾರ’ ಕೇಳಿ ನಗದ ಸರಕಾರಿ ನೌಕರರಿಲ್ಲ. ವಿದ್ಯಾಭೂಷಣರ ದಾಸರ ಪದಗಳು, ಭೀಮಸೇನ ಜೋಶಿಯವರ ದಾಸವಾಣಿ. ನಮ್ಮ ಕಡೆಯವರಿಗೆ ಯಕ್ಷಗಾನ. ಶೇಣಿ ಗೋಪಾಲಕೃಷ್ಣ ಭಟ್ಟರ ತಾಳಮದ್ದಳೆಯ ಅರ್ಥವನ್ನು ಘಾಟಕೋಪರಿನ ಹೋಟೆಲ್ ಹುಡುಗರು ರಾತ್ರಿ ಪಾತ್ರೆ ತೊಳೆದಾದ ಮೇಲೆ ಸುತ್ತ ಕೂತು ಕೇಳುತ್ತಿದ್ದದ್ದನ್ನು ನಾನೇ ನೋಡಿದ್ದೇನೆ. ವಾಲಿಯ ಮಾತಿಗೆ ರಾಮ ಏನು ಉತ್ತರ ಕೊಡುತ್ತಾನೆ ಎಂದು ಎರಡನೇ ಮಗ್ಗುಲಿಗೆ ತಿರುಗಿಸುವವರೆಗೂ ತಡೆಯಲಾರದ ಕಾತರ! ಕಾಳಿಂಗ ನಾವಡರು 1990ರಲ್ಲಿ ಅಪಘಾತದಲ್ಲಿ ತೀರಿಕೊಂಡಾಗ ಅವರಿಗೆ ಮೂವತ್ತೆರಡೂ ತುಂಬಿರಲಿಲ್ಲ. ಅವರ ಭಾಗವತಿಕೆಯನ್ನು ಇಂದಿನ ಹುಡುಗರು ಕೇಳಿ ತಲೆದೂಗುತ್ತಾರಾದರೆ, ಆಟದ ರಂಗಸ್ಥಳದ ಬುಡದಲ್ಲಿ ಟೇಪ್ ರೆಕಾರ್ಡರ್ ಹಿಡಿದು ನಿದ್ದೆಗೆಟ್ಟು ಕೂತವರ ಪುಣ್ಯ ಅದು.

ಸಿನಿಮಾದವರಿಗೂ ಲೆಕ್ಕ ಬದಲಾಯಿತು. ಬೆಂಗಳೂರಿನ ಲಹರಿ ಸಂಸ್ಥೆಗೆ 1987ರ ‘ಪ್ರೇಮಲೋಕ’ ಭಾಗ್ಯದ ಬಾಗಿಲು ತೆರೆಯಿತು. ರವಿಚಂದ್ರನ್, ಹಂಸಲೇಖ ಜೋಡಿಯ ಆ ಕ್ಯಾಸೆಟ್ಟು ಮುಂಬೈಯ ಕನ್ನಡ ಮನೆಗಳಲ್ಲೂ ತೇಯ್ದುಹೋಗುವಷ್ಟು ಓಡಿತು. ನಾಲ್ಕೇ ವರ್ಷದಲ್ಲಿ ಅದೇ ಸಂಸ್ಥೆ ಮದ್ರಾಸಿಗೆ ಹೋಗಿ ಮಣಿರತ್ನಂ ಅವರ ‘ದಳಪತಿ’ಯ, ಆಮೇಲೆ ‘ರೋಜಾ’ದ ತಮಿಳು ಹಕ್ಕು ಕೊಂಡಿತು. ಪ್ಲೇಟಿನ ಕಾಲದಲ್ಲಿ ಕನ್ನಡದ ಒಂದು ಕಂಪನಿ ಹೀಗೆ ಮಾಡುವುದನ್ನು ಊಹಿಸಲೂ ಆಗುತ್ತಿರಲಿಲ್ಲ.

ಎಲ್ಲ ಒಳ್ಳೆಯದೇ ಆಯಿತು ಎಂದು ನಾನು ಹೇಳುತ್ತಿಲ್ಲ. ಅಗ್ಗದ ಟೇಪು ಮಳೆಗಾಲದಲ್ಲಿ ಬೂಸ್ಟು ಹಿಡಿಯುತ್ತಿತ್ತು, ಯಂತ್ರದ ರೋಲರಿಗೆ ಸುತ್ತಿಕೊಂಡು ಕರುಳು ಹೊರಬಿದ್ದಂತೆ ಬರುತ್ತಿತ್ತು. ಪೆನ್ಸಿಲು ಹಾಕಿ ತಿರುಗಿಸಿದ ಕೈಗಳಿಗೆ ಆ ನೆನಪು ಇದ್ದೀತು. ಕಳ್ಳ ಪ್ರತಿಗಳಿಂದ ಎಷ್ಟೋ ಗಾಯಕರಿಗೆ ಬಿಡಿಗಾಸೂ ಸಿಗಲಿಲ್ಲ. 1984ರಲ್ಲಿ ಕಾಯಿದೆ ತಿದ್ದಿ ಶಿಕ್ಷೆ ಹೆಚ್ಚಿಸಿ, ಕವರಿನ ಮೇಲೆ ತಯಾರಿಸಿದವರ ಹೆಸರು ವಿಳಾಸ ಕಡ್ಡಾಯ ಮಾಡಿದರು. ಕಳ್ಳರು ಅದನ್ನೂ ಅಚ್ಚುಕಟ್ಟಾಗಿ ಮುದ್ರಿಸಿದರು! ಪೀಟರ್ ಮ್ಯಾನ್ಯುಯೆಲ್ ಎಂಬ ಅಮೆರಿಕದ ಸಂಗೀತ ವಿದ್ವಾಂಸರು 1993ರಲ್ಲಿ ಭಾರತದ ಕ್ಯಾಸೆಟ್ಟಿನ ಬಗ್ಗೆಯೇ ಒಂದು ಪುಸ್ತಕ ಬರೆದರು. ಸಣ್ಣ ಭಾಷೆ, ಸಣ್ಣ ಊರಿನ ಹಾಡಿಗೆ ಕ್ಯಾಸೆಟ್ಟು ದನಿ ಕೊಟ್ಟಿತು ಎನ್ನುವ ಅವರೇ, ದ್ವೇಷದ ಭಾಷಣಗಳೂ ಅದೇ ದಾರಿಯಲ್ಲಿ ಮನೆಮನೆಗೆ ಹೋದವು ಎಂದೂ ತೋರಿಸಿದ್ದಾರೆ. 1992ರ ಡಿಸೆಂಬರ್ ಮತ್ತು ಮುಂದಿನ ಜನವರಿಯನ್ನು ಮುಂಬೈಯಲ್ಲಿ ಕಳೆದವರು ಆ ಮಾತನ್ನು ಅಲ್ಲಗಳೆಯಲಾರರು.

ಸೀಡಿಯ ಕತೆ ಬೇಗ ಮುಗಿಸುತ್ತೇನೆ, ಯಾಕೆಂದರೆ ನಮಗೆ ಅದು ನೆಂಟನಂತೆ ಬಂದು ನೆಂಟನಂತೆ ಹೋಯಿತು. 1982ರ ಆಗಸ್ಟ್ 17ರಂದು ಮಾರಾಟಕ್ಕೆಂದು ಮೊದಲ ಸೀಡಿಗಳು ಅಚ್ಚಾದದ್ದು ಎಲ್ಲಿ ಹೇಳಿ? ಜರ್ಮನಿಯ ಹ್ಯಾನೋವರ್ ಪಕ್ಕದ ಲಾಂಗೆನ್‌ಹಾಗೆನ್‌ನಲ್ಲಿ. ಗೌಹರ್ ಜಾನ್ ಪ್ಲೇಟು ಒತ್ತಿದ ಅದೇ ಊರಿನ ಮಗ್ಗುಲಲ್ಲಿ, ಎಂಬತ್ತು ವರ್ಷದ ಮೇಲೆ! ಅದೇ ವರ್ಷ ಅಕ್ಟೋಬರ್ 1ಕ್ಕೆ ಸೋನಿ ಕಂಪನಿ ಜಪಾನಿನಲ್ಲಿ ಪ್ಲೇಯರ್ ಮಾರಾಟಕ್ಕೆ ಇಟ್ಟಿತು. ಪಾಶ್ಚಾತ್ಯ ಕಂಪನಿಗಳಿಗೆ ಅದು ಚಿನ್ನದ ಗಣಿ. ಮನೆಯಲ್ಲಿ ಎಲ್‌ಪಿ ಇದ್ದವರೆಲ್ಲ ಅದನ್ನೇ ಮತ್ತೆ ಸೀಡಿಯಲ್ಲಿ ಕೊಂಡರು. ಇಲ್ಲಿ ಸೀಡಿಯ ಬೆಲೆ ಕ್ಯಾಸೆಟ್ಟಿನ ಹಲವು ಪಟ್ಟು. ಕಾಲಾ ಘೋಡಾದ ರಿದಂ ಹೌಸಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೇಳಿ, ಕವರ್ ತಿರುಗಿಸಿ ಬೆಲೆ ನೋಡಿ, ಕೆಳಗೆ ಇಟ್ಟು, ಅದೇ ಹಾಡಿನ ಕ್ಯಾಸೆಟ್ಟು ಕೊಂಡು ಬರುವುದು ನಮ್ಮ ಮಧ್ಯಮ ವರ್ಗದ ಶನಿವಾರ. 1992ರಲ್ಲಿ ಸೋನಿಯ ಮಿನಿಡಿಸ್ಕು, ಫಿಲಿಪ್ಸಿನ ಡಿಜಿಟಲ್ ಕ್ಯಾಸೆಟ್ಟು ಒಟ್ಟಿಗೇ ಬಂದು ಜಗಳಾಡಿದವು. ಫಿಲಿಪ್ಸಿನದು ನಾಲ್ಕು ವರ್ಷವೂ ಬಾಳಲಿಲ್ಲ. 1999, 2000ದಲ್ಲಿ ಸೂಪರ್ ಆಡಿಯೋ ಸೀಡಿ, ಡಿವಿಡಿ ಆಡಿಯೋ ಎಂದು ಇನ್ನೆರಡು ಬಂದವು. ನಮ್ಮ ಕಡೆಯವರಲ್ಲಿ ಅವುಗಳ ಹೆಸರು ಕೇಳಿದವರೇ ಕಡಿಮೆ.

ನಮ್ಮಲ್ಲಿ ಕ್ಯಾಸೆಟ್ಟನ್ನು ಕೊಂದದ್ದು ಎಂಪಿತ್ರೀ. ಒಂದೇ ತಟ್ಟೆಯಲ್ಲಿ ನೂರಿಪ್ಪತ್ತು, ನೂರೈವತ್ತು ಹಾಡು. 2000ದ ಆಚೀಚೆ ದಾದರ್ ಸ್ಟೇಶನ್ನಿನ ಹೊರಗೆ ಚಾದರ ಹಾಸಿ ಮಾರುತ್ತಿದ್ದರು. ಎರಡು ಕ್ಯಾಸೆಟ್ಟಿನ ದುಡ್ಡಿಗಿಂತ ಕಡಿಮೆಗೆ ರಾಜ್‌ಕುಮಾರ್ ಅವರ ನೂರು ಹಾಡು! ಕಂಪನಿಗಳು ಮೊದಲು ಬೈದವು, ಆಮೇಲೆ ತಾವೇ ಎಂಪಿತ್ರೀ ಸೀಡಿ ಮಾರತೊಡಗಿದವು. ಇಲ್ಲೇ ‘ಆಲ್ಬಮ್’ ಎಂಬುದು ಸತ್ತದ್ದು, ನನ್ನ ಲೆಕ್ಕದಲ್ಲಿ. ಅಶ್ವತ್ಥರು ಒಂದು ಕ್ಯಾಸೆಟ್ಟಿನ ಎಂಟು ಹಾಡುಗಳಿಗೆ ಒಂದು ಕ್ರಮ ಯೋಚಿಸಿರುತ್ತಿದ್ದರು, ಯಾವುದು ಮೊದಲು, ಮಗ್ಗುಲು ಬದಲಾದ ಕೂಡಲೇ ಯಾವುದು ಎಂದು. ಎಂಪಿತ್ರೀಯಲ್ಲಿ ಅವು ಅಕ್ಷರಮಾಲೆಯ ಕ್ರಮದಲ್ಲಿ ಕೂತವು. ಕವಿಯ ಹೆಸರು ಹೋಯಿತು, ತಬಲಾ ನುಡಿಸಿದವರ ಹೆಸರು ಹೋಯಿತು. ‘ಟ್ರ್ಯಾಕ್ 07’ ಉಳಿಯಿತು.

2008ರಲ್ಲಿ ಅಮೆರಿಕದ ಸ್ಯಾನ್‌ಡಿಸ್ಕ್ ಕಂಪನಿ ಉಗುರಿನಷ್ಟು ಗಾತ್ರದ ಮೆಮೊರಿ ಕಾರ್ಡಿನಲ್ಲಿ ಒಂದೊಂದು ಆಲ್ಬಮ್ ತುಂಬಿಸಿ ಮಾರಲು ಹೊರಟಿತು. ಸ್ಲಾಟ್‌ಮ್ಯೂಸಿಕ್ ಅಂತ ಹೆಸರು. ನಾಲ್ಕು ದೊಡ್ಡ ಕಂಪನಿಗಳ ಬೆಂಬಲ, ವಾಲ್‌ಮಾರ್ಟ್‌ನಂಥ ಅಂಗಡಿ, ಆಲ್ಬಮ್ಮಿಗೆ 15 ಡಾಲರು. ಏಳಲೇ ಇಲ್ಲ. ಅದೇ ಹೊತ್ತಿಗೆ ನಮ್ಮ ಡೊಂಬಿವಿಲಿಯ ಮೊಬೈಲ್ ರಿಪೇರಿಯವನು ಅದೇ ಕಾರ್ಡಿಗೆ ಇಪ್ಪತ್ತು ರೂಪಾಯಿಗೆ ಐನೂರು ಹಾಡು ತುಂಬಿಸಿ ಕೊಡುತ್ತಿದ್ದ, “ಕನ್ನಡ ಪಾಯಿಜೆ ಕಾ, ತೋ ಫೋಲ್ಡರ್ ಪಣ್ ಆಹೇ” ಎಂದು. ಮೂವತ್ತು ವರ್ಷದ ಹಿಂದೆ ಪಟ್ಟಿ ಹಿಡಿದು ಕ್ಯಾಸೆಟ್ಟು ತುಂಬಿಸಿಕೊಂಡಿದ್ದ ವ್ಯಾಪಾರವೇ ವೇಷ ಬದಲಿಸಿ ಬಂದಿತ್ತು. ಹಾಡಿದವರ ಕೈಗೆ ಮಾತ್ರ ಆ ಕಾಲದಲ್ಲೂ ಚಿಪ್ಪು, ಈ ಕಾಲದಲ್ಲೂ ಚಿಪ್ಪು. 2013ರಲ್ಲಿ ಕಲ್ಕತ್ತೆಯ ಪಾರ್ಕ್ ಸ್ಟ್ರೀಟಿನ ಮ್ಯೂಸಿಕ್ ವರ್ಲ್ಡ್, 2016ರಲ್ಲಿ ರಿದಂ ಹೌಸ್ ಬಾಗಿಲು ಹಾಕಿದವು.

ಕೊನೆಯ ನಗು ನಕ್ಕದ್ದು ಹಳೇ ಎಚ್‌ಎಂವಿ. 2000ದಲ್ಲಿ ಸರೆಗಮ ಎಂದು ಹೆಸರು ಬದಲಿಸಿಕೊಂಡ ಅವರು 2017ರಲ್ಲಿ ‘ಕಾರವಾನ್’ ಎಂಬ ಡಬ್ಬಿ ತಂದರು. ನೋಡಲು ಹಳೆಯ ಟ್ರಾನ್ಸಿಸ್ಟರು, ಒಳಗೆ 5,000 ಹಳೇ ಹಿಂದಿ ಹಾಡು, ಬೆಲೆ ಆರು ಸಾವಿರದ ಹತ್ತಿರ. ಹಾಡು ಪುಕ್ಕಟೆ ಸಿಗುವ ಕಾಲದಲ್ಲಿ ಮಕ್ಕಳು ಅಪ್ಪ ಅಮ್ಮನಿಗೆಂದು ಮುಗಿಬಿದ್ದು ಕೊಂಡರು. ಯಾರ ಕಪಾಟು ದೊಡ್ಡದಿತ್ತೋ ಅವರಿಗೇ ಇದು ಸಾಧ್ಯ. ಕ್ಯಾಸೆಟ್ಟಿನ ಕಾಲದ ಐನೂರು ಪ್ರತಿಯ ಸಣ್ಣ ಕಂಪನಿಗಳಿಗೆ ಕಪಾಟೇ ಇರಲಿಲ್ಲ. ಮಾಲೀಕ ತೀರಿಕೊಂಡ, ಮಗ ಮೊಬೈಲ್ ಅಂಗಡಿ ಇಟ್ಟ, ಮಾಸ್ಟರ್ ಟೇಪು ಗೋಡೌನಿನಲ್ಲಿ ಗೆದ್ದಲಿಗೆ ಹೋಯಿತು. ಕೆಲವು ವರ್ಷದ ಹಿಂದೆ ಒಂದು ತಾಳಮದ್ದಳೆ ಕ್ಯಾಸೆಟ್ಟಿನ ಬಗ್ಗೆ ಅದನ್ನು ಹೊರತಂದಿದ್ದವರಿಗೇ ಫೋನು ಮಾಡಿ ಕೇಳಿದೆ. “ನಮ್ಮ ಹತ್ರ ಈಗ ಏನೂ ಇಲ್ಲ ಮಾರಾಯ್ರೇ, ನಿಮ್ಮಲ್ಲಿ ಇದ್ರೆ ನಮಗೊಂದು ಕಾಪಿ ಕೊಡಿ” ಅಂದರು!

ಸಿನಿಮಾ ಹಾಡು ಎಲ್ಲ ದೋಣಿಯನ್ನೂ ಹತ್ತಿತು. ಹೆಸರಾಂತರ ಭಾವಗೀತೆ, ದಾಸರ ಪದ ಬಹುಪಾಲು ಹತ್ತಿದವು. ಆದರೆ ಜಿಲ್ಲೆಯಾಚೆ ಹೆಸರಿಲ್ಲದ ಭಾಗವತರು, ಒಂದೇ ಕ್ಯಾಸೆಟ್ಟು ಮಾಡಿ ಸುಮ್ಮನಾದ ಗಾಯಕಿಯರು, ಸೋಬಾನೆ ಹಾಡಿದ ಅಜ್ಜಿಯರು, ಊರ ಜಾತ್ರೆಯ ದೇವರ ಮೇಲಿನ ಪದಗಳು ಸೀಡಿಗೂ ಬರಲಿಲ್ಲ, ಕಂಪ್ಯೂಟರಿಗೂ ಬರಲಿಲ್ಲ. ಅವು ಈಗ ಇದ್ದರೆ ನಮ್ಮ ನಿಮ್ಮ ಅಟ್ಟದ ಮೇಲೆ, ಹಳೇ ಬಿಸ್ಕೆಟ್ ಡಬ್ಬಿಯಲ್ಲಿ ಇರಬೇಕು. ಎಷ್ಟೋ ಸಲ ಅಲ್ಲೂ ಇಲ್ಲ. ಕ್ಯಾಸೆಟ್ಟಿನ ಮೇಲ್ಗಡೆಯ ಎರಡು ಸಣ್ಣ ಕಿಂಡಿಗೆ ಸೆಲ್ಲೋಟೇಪು ಅಂಟಿಸಿ ಅದರ ಮೇಲೆ ಮಗುವಿನ ಬರ್ತ್‌ಡೇ ರೆಕಾರ್ಡ್ ಮಾಡಿದ ಮನೆಗಳು ಬೇಕಾದಷ್ಟಿವೆ.

ನಿಮ್ಮಲ್ಲಿ ಅಂಥ ಡಬ್ಬಿ ಇದ್ದರೆ ಗುಜರಿಯವನಿಗೆ ಹಾಕುವ ಮೊದಲು ಒಮ್ಮೆ ಕೂತು ನೋಡಿ. ಸಿಕ್ಕಿದ ಕೂಡಲೇ ಯಂತ್ರಕ್ಕೆ ತುರುಕಬೇಡಿ. ಕಿಟಕಿಯಲ್ಲಿ ಟೇಪಿನ ಸುರುಳಿ ನೋಡಿ. ಬಿಳಿ ಬೂಸ್ಟು ಇದ್ದರೆ ಅದನ್ನು ಬೇರೆ ಇಡಿ, ಇಲ್ಲವಾದರೆ ಯಂತ್ರದ ಮೂಲಕ ಉಳಿದವಕ್ಕೂ ಹತ್ತುತ್ತದೆ. ಟೇಪಿನ ಹಿಂದೆ ತಾಮ್ರದ ತಗಡಿನ ಮೇಲೆ ಒಂದು ಪುಟ್ಟ ಮೆತ್ತೆ ಇರುತ್ತದೆ, ಅದು ಉದುರಿದ್ದರೆ ದನಿ ಗುಹೆಯೊಳಗಿನಿಂದ ಬಂದಂತೆ ಕೇಳುತ್ತದೆ. ಹಾಳಾದ ಬೇರೆ ಕ್ಯಾಸೆಟ್ಟಿನ ಮೆತ್ತೆ ತೆಗೆದು ಹಾಕಬಹುದು, ಐದು ಸ್ಕ್ರೂವಿನ ಕೆಲಸ. ಸ್ಕ್ರೂ ಇಲ್ಲದೆ ಅಂಟಿಸಿದ ಅಗ್ಗದ ಡಬ್ಬಿಯಾದರೆ ಬ್ಲೇಡಿನಿಂದ ಸೀಳಿ, ಸುರುಳಿಯನ್ನು ಬೇರೆ ಡಬ್ಬಿಗೆ ವರ್ಗಾಯಿಸಬೇಕು. ಮೊದಲು ಪೂರ್ತಿ ಮುಂದಕ್ಕೆ, ಪೂರ್ತಿ ಹಿಂದಕ್ಕೆ ಒಮ್ಮೆ ಸುತ್ತಿ, ಆಮೇಲೆ ಕಂಪ್ಯೂಟರಿಗೆ ತಂತಿ ಹಾಕಿ. ಕವರಿನ ಒಳಗಿನ ಕಾರ್ಡಿನ ಎರಡೂ ಬದಿಯ ಫೋಟೋ ತೆಗೆದುಕೊಳ್ಳಿ. ತಬಲಾ, ಮದ್ದಳೆ ನುಡಿಸಿದವರ ಹೆಸರು ಬೇರೆ ಎಲ್ಲೂ ಸಿಗುವುದಿಲ್ಲ. ಟೇಪ್ ಡೆಕ್ ಕೆಟ್ಟಿದ್ದರೆ ಲ್ಯಾಮಿಂಗ್ಟನ್ ರೋಡಿನ ಕಡೆ ಒಂದು ಸುತ್ತು ಹಾಕಿ ವಿಚಾರಿಸಿ. ನನ್ನದಕ್ಕೆ ಹೋದ ವರ್ಷ ಬೆಲ್ಟು ಹಾಕಿಕೊಟ್ಟವರಿಗೆ ಎಪ್ಪತ್ತೆರಡು ವರ್ಷ.